ಭಾನುವಾರ ರಾತ್ರಿ ಊಟ ಕೊಡುತ್ತೇವೆ, ಸೋಮವಾರ ಅವರು ಎಲ್ಲಿ ಮಲಗಬೇಕು?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ನಮ್ಮದು ಚಿಕ್ಕ ಕ್ರೈಸ್ತ ಸಭೆ, ನಲವತ್ತು ಮನೆಯೂ ಆಗುವುದಿಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ರಾತ್ರಿ ಬಸ್ ಸ್ಟ್ಯಾಂಡ್ ಸುತ್ತಮುತ್ತ, ಆಮೇಲೆ ರೈಲ್ವೆ ಸ್ಟೇಷನ್ ಹೊರಗೆ ಮಲಗುವವರಿಗೆ ಊಟ ಕೊಡುತ್ತಿದ್ದೇವೆ. ಮನೆಗೆ ಇಷ್ಟು ಅಂತ ಅಕ್ಕಿ ಬರುತ್ತದೆ. ಸಂಜೆ ನಾಲ್ಕಕ್ಕೆ ಒಲೆ ಹಚ್ಚಿದರೆ ಎಂಟಕ್ಕೆ ಪೊಟ್ಟಣ ರೆಡಿ. ಚಿತ್ರಾನ್ನ ಇಲ್ಲವೇ ಪಲಾವ್, ಜೊತೆಗೆ ಒಂದು ಮೊಟ್ಟೆ. ಸುಮಾರು ಅರವತ್ತು ಜನ.

ಕಳೆದ ಭಾನುವಾರ ಜೋರು ಮಳೆ. ಅಂಗಡಿ ಶಟರ್ ಪಕ್ಕ ಒಬ್ಬರು ಕಾಲು ಮಡಚಿ ಕೂತಿದ್ದರು. ನಾವು ಅವರನ್ನು ಮಾವ ಅಂತಲೇ ಕರೆಯುವುದು. ಹೊಸನಗರದ ಕಡೆಯವರು, ಅಡಿಕೆ ಕೊನೆ ತೆಗೆಯುವ ಕೆಲಸ ಮಾಡುತ್ತಿದ್ದರು. ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಕೆಲಸ ಹೋಯಿತು, ಕುಡಿತ ಉಳಿಯಿತು. ಪೊಟ್ಟಣ ಕೊಟ್ಟೆ, ತೆಗೆದುಕೊಳ್ಳಲಿಲ್ಲ. "ಅನ್ನ ಬೇಡ ಕಣಮ್ಮ. ಎಲ್ಲಾದರೂ ಒಳಗೆ ಮಲಗೋಕೆ ಜಾಗ ಕೊಡಿಸು. ಕುಡಿಯೋದು ಬಿಟ್ಟುಬಿಡ್ತೀನಿ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಛತ್ರಿ ಕೊಟ್ಟು ಬಂದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮ ಚರ್ಚಿನ ಹಿಂದೆ ಹಳೆಯ ಸಂಡೇ ಸ್ಕೂಲ್ ಕೋಣೆ ಇದೆ. ಹೆಂಚಿನ ಮಾಡು, ಒಂದು ಬಚ್ಚಲು. ಆರು ಮಂಚ ಹಿಡಿಯುತ್ತದೆ. ಈಗ ಒಳಗಿರುವುದು ಮುರಿದ ಬೆಂಚು, ಕ್ರಿಸ್‌ಮಸ್ ಗೋದಲಿಯ ಸಾಮಾನು ಅಷ್ಟೆ. ಅದನ್ನು ತೆರೆಯೋಣ ಅಂತ ಸಭೆಯಲ್ಲಿ ಕೇಳಿದೆ. ಹಿರಿಯರು ಬೇಡ ಅನ್ನಲಿಲ್ಲ, ಆದರೆ ಹೆದರಿದ್ದಾರೆ. ಕುಡಿದು ಗಲಾಟೆ ಮಾಡಿದರೆ? ರಾತ್ರಿ ಯಾರಾದರೂ ಸತ್ತರೆ? ಮತಾಂತರ ಅಂತ ದೂರು ಹೋದರೆ? ಇದೆಲ್ಲ ನನಗೂ ಇರುವ ಭಯವೇ. ಅನುಭವ ಇರುವವರು ಹೇಳಿ, ಎಲ್ಲಿಂದ ಶುರು ಮಾಡಬೇಕು?

ವಾರ್ಡಿನ ಅಕ್ಕ

ತಂಗಿ, ನಾನು ಮನೋರೋಗ ವಿಭಾಗದಲ್ಲಿ ಹದಿನೇಳು ವರ್ಷ ನರ್ಸ್ ಆಗಿದ್ದವಳು. ಕೋಣೆ ತೆರೆಯುವ ಮೊದಲು ಒಂದು ಮಾತು ಕೇಳಿ. ವರ್ಷಗಟ್ಟಲೆ ದಿನಾ ಕುಡಿದವರನ್ನು ಒಂದೇ ಸಲ ಬಿಡಿಸಿ ಕೋಣೆಯಲ್ಲಿ ಮಲಗಿಸಬೇಡಿ. ಜೀವಕ್ಕೆ ಅಪಾಯ.

ಕೊನೆಯ ಸಲ ಕುಡಿದು ಆರೇಳು ಗಂಟೆ ಆಗುತ್ತಿದ್ದಂತೆ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನ ಕೆಲವರಿಗೆ ಭ್ರಮೆ ಹಿಡಿಯುತ್ತದೆ. ಗೋಡೆ ಮೇಲೆ ಹುಳ ಹರಿದಾಡುತ್ತಿದೆ ಅನ್ನುತ್ತಾರೆ. ಯಾರೋ ಹೊಡೆಯಲು ಬಂದರು ಅಂತ ಎದ್ದು ಓಡುತ್ತಾರೆ. ಜ್ವರ ಏರುತ್ತದೆ. ಡಾಕ್ಟರುಗಳು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಊರಲ್ಲಿ ದೆವ್ವ ಮೆಟ್ಟಿತು ಅನ್ನುವುದು ಎಷ್ಟೋ ಸಲ ಇದನ್ನೇ. ಪ್ರಾರ್ಥನೆ ಮಾಡುವವರು ಕೂಡ ದೆವ್ವ ಅಂದುಕೊಂಡು ಬಿಡಿಸಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು 108ಕ್ಕೆ ಫೋನ್ ಮಾಡಿ, ಪ್ರಾರ್ಥನೆಯನ್ನು ಆಂಬುಲೆನ್ಸಿನ ಒಳಗೆ ಕೂತು ಮಾಡಿ.

ಇನ್ನೊಂದು ವಿಷಯ. ಸುಸ್ತಾಗಿದ್ದಾರೆ ಅಂತ ಸುಮ್ನೆ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿ ಕರೆತರುತ್ತಾರೆ. ಬಹಳ ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ತೀರಾ ಕಡಿಮೆ ಇರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಹಾಕಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಹೆಂಡತಿಯ ಹೆಸರು ಗೊತ್ತು, ಬೆಳಗ್ಗೆ ತಿಂಡಿ ತಿಂದದ್ದು ಗೊತ್ತಿಲ್ಲ, ಹಾಗಾದವರನ್ನು ನೋಡಿದ್ದೇನೆ. ಅದು ಮತ್ತೆ ಸರಿಹೋಗುವುದು ಕಷ್ಟ. ಯಾವ ಡಾಕ್ಟರ ಹತ್ತಿರ ಹೋದರೂ ಇವರು ದಿನಾ ಕುಡಿಯುವವರು, ಊಟ ಸರಿಯಾಗಿಲ್ಲ ಅಂತ ಬಾಯಿಬಿಟ್ಟು ಹೇಳಿ.

ಹಾಗಾಗಿ ಮೊದಲ ವಾರ ಆಸ್ಪತ್ರೆ. ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಫೋನಿನಲ್ಲಿ ಕೇಳಬೇಕಾದರೆ 14446 ವ್ಯಸನಕ್ಕೆ, 14416 ಮಾನಸಿಕ ಆರೋಗ್ಯಕ್ಕೆ, ಅದನ್ನು ಟೆಲಿ ಮಾನಸ್ ಅನ್ನುತ್ತಾರೆ. ಎರಡೂ ಪುಕ್ಕಟೆ. ನಿಮ್ಮ ಕೋಣೆಯ ಕೆಲಸ ಶುರುವಾಗುವುದು ಎಂಟನೇ ದಿನದಿಂದ.

ಆ ಮಾವ ಪೊಟ್ಟಣ ಬೇಡ ಅಂದದ್ದು ಹಸಿವಿಲ್ಲದೆ ಅಲ್ಲ ಅನಿಸುತ್ತದೆ. ಕೈ ನಡುಗುವಾಗ ನಾಲ್ಕು ಜನರ ಎದುರು ಅನ್ನ ಬಾಯಿಗೆ ಹೋಗುವುದಿಲ್ಲ, ಮೈಮೇಲೆ ಚೆಲ್ಲುತ್ತದೆ. ನಾಚಿಕೆ ಆಗುತ್ತದೆ ಅಲ್ವಾ? ಅಂಥವರಿಗೆ ಗಂಜಿ ಕೊಟ್ಟು ನೋಡಿ. ಎರಡು ಕೈಯಲ್ಲಿ ಹಿಡಿಯುವಂಥ ದೊಡ್ಡ ಲೋಟ, ಅದರಲ್ಲಿ ಅರ್ಧ ಮಾತ್ರ.

ತುಂಗೆಯ ದಡ

ಅಕ್ಕ, ಎರಡು ವರ್ಷದಿಂದ ಕೊಡುತ್ತಿದ್ದೇವೆ, ಅರ್ಧ ಲೋಟದ ವಿಷಯ ಒಬ್ಬರಿಗೂ ಹೊಳೆದಿರಲಿಲ್ಲ. ಈ ಭಾನುವಾರದಿಂದ ಗಂಜಿ ಮಾಡುತ್ತೇವೆ.

ಕೂಡ್ಲಿ ರಸ್ತೆ

ನಾನು ನಿಮ್ಮ ಸಭೆಯವನಲ್ಲ, ಹಿಂದೂ. ಮನಸ್ಸಿನಲ್ಲಿ ಇರುವುದನ್ನು ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ.

ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದಾಗ ಒಂದು ಕಡೆ ಹೀಗೇ ಊಟ ಕೊಡುವುದನ್ನು ನೋಡಿದ್ದೆ. ಮುಕ್ಕಾಲು ಗಂಟೆ ಪ್ರಸಂಗ, ಆಮೇಲೆ ಹಾಡು, ಆಮೇಲೆ ಅನ್ನ. ಸಾಲಿನಲ್ಲಿ ಕೂತ ಮುದುಕರೊಬ್ಬರು ಪಾತ್ರೆಯ ಕಡೆಗೇ ನೋಡುತ್ತಾ ಆಮೆನ್ ಆಮೆನ್ ಅನ್ನುತ್ತಿದ್ದರು. ಅದನ್ನು ನೋಡಿ ಹೊಟ್ಟೆ ಉರಿಯಿತು. ಅದು ಆ ಮುದುಕರಿಗೂ ಅವಮಾನ, ನಿಮ್ಮ ದೇವರಿಗೂ ಅವಮಾನ.

ನೀವು ಹಾಗೆ ಮಾಡುತ್ತೀರಿ ಅಂತ ನಾನು ಹೇಳುತ್ತಿಲ್ಲ. ಆದರೆ ಕೋಣೆ ಅಂದರೆ ರಾತ್ರಿ ಹಗಲು ನಿಮ್ಮ ಕೈಯಲ್ಲಿರುತ್ತಾರೆ. ಹೋಗಲು ಬೇರೆ ಜಾಗ ಇಲ್ಲದವರು. ಅಂಥವರಲ್ಲಿ ಒಬ್ಬರು ಬೆಳಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡರೆ ಏನು ಹೇಳುತ್ತೀರಿ?

ತುಂಗೆಯ ದಡ

ಕೇಳಿದ್ದು ಒಳ್ಳೆಯದಾಯಿತು ಅಣ್ಣ. ಬೇಜಾರಿಲ್ಲ. ನಾವು ಪ್ರಾರ್ಥನೆ ಮಾಡುವುದು ಅಡುಗೆಮನೆಯಲ್ಲಿ, ಒಲೆ ಆರಿಸಿದ ಮೇಲೆ, ನಾವು ನಾವೇ. ಬೀದಿಯಲ್ಲಿ ಊಟ ಮಾತ್ರ. ವಿಭೂತಿಯ ಬಗ್ಗೆ ನನ್ನನ್ನು ಕೇಳಿದರೆ ಹಚ್ಚಿಕೊಳ್ಳಲಿ ಅನ್ನುತ್ತೇನೆ. ಆದರೆ ಸಭೆಯ ಎಲ್ಲರ ಪರವಾಗಿ ನಾನೊಬ್ಬಳೇ ಉತ್ತರ ಕೊಡಬಾರದು. ನಿಮ್ಮ ಪ್ರಶ್ನೆಯನ್ನು ನೀವು ಕೇಳಿದ ಹಾಗೆಯೇ ಅವರ ಮುಂದೆ ಇಡುತ್ತೇನೆ.

ನಿವೃತ್ತ ಪಾಲಕ

ಮಲೆನಾಡಿನ ಸಭೆಗಳಲ್ಲಿ ಆಯಸ್ಸು ಕಳೆದವನು ನಾನು. ಕೂಡ್ಲಿ ರಸ್ತೆಯವರ ಮಾತು ನನಗೆ ನಾಟಿತು. ಷರತ್ತು ಹಾಕಿ ಕೊಡುವುದು ದಾನ ಅಲ್ಲ, ವ್ಯಾಪಾರ. ನಮ್ಮವರಲ್ಲಿ ಕೆಲವರು ಅದನ್ನು ಮಾಡಿದ್ದಾರೆ, ಮುಚ್ಚಿಡುವುದಿಲ್ಲ.

ಆದರೆ ಈ ಸೇವೆ ಶುರುವಾದ ಬಗೆ ಬೇರೆ ಇತ್ತು. ವಿಲಿಯಂ ಬೂತ್ ಮತ್ತು ಕ್ಯಾಥರಿನ್ ಬೂತ್ ಗಂಡ ಹೆಂಡತಿ 1865ರಲ್ಲಿ ಲಂಡನ್ನಿನ ಈಸ್ಟ್ ಎಂಡ್ ಎನ್ನುವ ಬಡವರ ಕೇರಿಯಲ್ಲಿ ಕೆಲಸ ಶುರು ಮಾಡಿದರು. ಅದೇ ಮುಂದೆ ಸಾಲ್ವೇಷನ್ ಆರ್ಮಿ ಆಯಿತು. 1882ರಲ್ಲಿ ಫ್ರೆಡರಿಕ್ ಟಕರ್ ಎನ್ನುವವರ ಜೊತೆ ಆ ಕೆಲಸ ಮುಂಬೈಗೂ ಬಂತು. ಅವರ ಕ್ರಮವನ್ನು ಮೂರು ಮಾತಿನಲ್ಲಿ ಹೇಳುತ್ತಿದ್ದರು: ಮೊದಲು ಸೂಪು, ಆಮೇಲೆ ಸೋಪು, ರಕ್ಷಣೆಯ ಮಾತು ಕೊನೆಗೆ. ಹೊಟ್ಟೆ ತಣ್ಣಗಾಗಿ ಮೈ ಸ್ವಚ್ಛ ಆಗುವ ತನಕ ಬೋಧನೆ ಕಾಯಬೇಕು ಅಂತ ಅವರಿಗೆ ಗೊತ್ತಿತ್ತು.

ನನಗೆ ಅದಕ್ಕಿಂತ ಹತ್ತಿರದವನು ಜೆರ್ರಿ ಮೆಕಾಲೆ. ನ್ಯೂಯಾರ್ಕಿನಲ್ಲಿ ಕಳ್ಳತನ ಮಾಡಿಕೊಂಡಿದ್ದವನು. ಸಿಂಗ್ ಸಿಂಗ್ ಜೈಲಿನಲ್ಲಿ ದೇವರ ಕಡೆ ತಿರುಗಿದ. ಅಲ್ಲಿಗೆ ಕಥೆ ಮುಗಿಯಲಿಲ್ಲ. ಹೊರಗೆ ಬಂದ ಮೇಲೆ ಮತ್ತೆ ಕುಡಿತಕ್ಕೆ ಬಿದ್ದ, ಒಂದು ಸಲ ಅಲ್ಲ. ಅದೇ ಮನುಷ್ಯ 1872ರಲ್ಲಿ ವಾಟರ್ ಸ್ಟ್ರೀಟ್‌ನಲ್ಲಿ ಕುಡುಕರಿಗೆ, ಮನೆ ಇಲ್ಲದವರಿಗೆ ಬಾಗಿಲು ತೆರೆದ. ಬೀಳುವುದು ಏಳುವುದು ಮೈಯಲ್ಲಿ ಗೊತ್ತಿದ್ದವನು ನಡೆಸಿದ ಮನೆ ಅದು. ಹಾಗಾಗಿ ತಂಗಿ, ನಿಮ್ಮ ಮಾವ ಬಿಟ್ಟು ಮತ್ತೆ ಕುಡಿದರೆ ಸಭೆಯವರು ನೋಡಿದೆಯಾ ಅನ್ನಬಾರದು. ಆ ದಿನಕ್ಕೆ ಈಗಲೇ ಅವರನ್ನು ತಯಾರು ಮಾಡಿ.

ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡುತ್ತೇನೆ. ಫಾದರ್ ಜೋ ಪಿರೇರಾ ಮುಂಬೈಯಲ್ಲಿ 1981ರಲ್ಲಿ ಕೃಪಾ ಫೌಂಡೇಶನ್ ಶುರು ಮಾಡಿದರು, ಕುಡಿತ ಮತ್ತು ಡ್ರಗ್ಸ್ ಬಿಡುವವರಿಗಾಗಿ. ಅವರು ಯೋಗ ಕಲಿತದ್ದು ಬಿ.ಕೆ.ಎಸ್. ಅಯ್ಯಂಗಾರ್ ಹತ್ತಿರ, ನಮ್ಮ ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದವರ ಹತ್ತಿರ. ತಮ್ಮ ಕೇಂದ್ರಗಳಲ್ಲಿ ಆಸನ, ಪ್ರಾಣಾಯಾಮ ಹೇಳಿಕೊಟ್ಟರು. ಯೇಸುವನ್ನು ಬಿಟ್ಟುಕೊಡಲಿಲ್ಲ, ಯೋಗವನ್ನು ಹೊರಗಿಡಲಿಲ್ಲ. 2009ರಲ್ಲಿ ಪದ್ಮಶ್ರೀ ಬಂತು.

ಯಾಕೆ ಇದನ್ನು ಮಾಡುತ್ತೀರಿ ಅಂತ ಯಾರಾದರೂ ಕೇಳಿದರೆ ಯೇಸುವಿನ ಹೆಸರು ಹೇಳಿ, ನಾಚಿಕೆ ಬೇಡ. ಕೇಳದವರಿಗೆ ಗಂಜಿ ಕೊಡಿ.

ಎರಡನೇ ಪ್ಲಾಟ್‌ಫಾರಂ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನಾನು ಕುಡಿತ ಬಿಟ್ಟು ಆರು ವರ್ಷ ಆಯಿತು. ಅದಕ್ಕೆ ಮೊದಲು ನಾಲ್ಕು ವರ್ಷ ರೈಲ್ವೆ ಸ್ಟೇಷನ್ ಸುತ್ತಮುತ್ತ ಮಲಗಿದವನು. ಲಾರಿಯಲ್ಲಿ ಕ್ಲೀನರ್ ಆಗಿದ್ದೆ.

ನಿಮ್ಮಂಥವರು ಆಗಲೂ ಬರುತ್ತಿದ್ದರು. ಊಟ ಕೊಟ್ಟರು, ತಿಂದೆ. ಕಂಬಳಿ ಕೊಟ್ಟರು, ಮಾರಿ ಒಂದು ನೈಂಟಿ ತೆಗೆದುಕೊಂಡೆ. ಮೂರು ಕಂಬಳಿ ಹಾಗೆ ಹೋಗಿದೆ. ಕೊಟ್ಟವರಲ್ಲಿ ಒಬ್ಬಳು ಶಾಲೆ ಹುಡುಗಿ. ಅವಳ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಒಮ್ಮೆ ಅಣ್ಣ ಬಂದು ಬಿಡಿಸುವ ಸೆಂಟರಿಗೆ ಸೇರಿಸಿದ. ಯಾವುದು, ಎಲ್ಲಿ ಅಂತ ಹೇಳುವುದಿಲ್ಲ. ಒಂದು ಹಾಲಿನಲ್ಲಿ ಮೂವತ್ತು ಜನ, ಹೊರಗಿನಿಂದ ಬೀಗ. ನಡುಕ ಬಂದವರನ್ನು ಕಾಲಿಗೆ ಸರಪಳಿ ಹಾಕಿ ಕಿಟಕಿಗೆ ಕಟ್ಟುತ್ತಿದ್ದರು. ಡಾಕ್ಟರ್ ಬಂದದ್ದು ನೋಡಲಿಲ್ಲ. ಬೆಳಗ್ಗೆ ಸಂಜೆ ಭಜನೆ, ಕಣ್ಣು ಮುಚ್ಚದಿದ್ದರೆ ಕೋಲು. ಹನ್ನೆರಡನೇ ದಿನ ಓಡಿಬಂದೆ, ನೇರ ವೈನ್ ಶಾಪಿಗೆ. ಸರಪಳಿ ಹಾಕುವುದು ಕಾನೂನಿಗೆ ವಿರುದ್ಧ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ ಅಂತ ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಹಾಗಾಗಿ ನಿಮ್ಮ ಕೋಣೆಯ ಬಗ್ಗೆ ನನ್ನ ಮೊದಲ ಮಾತು: ಚಿಲಕ ಒಳಗಡೆ ಇರಲಿ. ಹೋಗಬೇಕು ಅನಿಸಿದವರು ಹೋಗಲಿ. ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಉಳಿಯಲು ಮನಸ್ಸು ಬರುತ್ತದೆ.

ಆಮೇಲೆ ರಕ್ತ ವಾಂತಿ ಆಗಿ ಸರ್ಕಾರಿ ಆಸ್ಪತ್ರೆ ಸೇರಿದೆ. ಅಲ್ಲಿಗೆ ರೋಗಿಗಳನ್ನು ನೋಡಲು ಬರುತ್ತಿದ್ದ ಒಬ್ಬ ವಯಸ್ಸಾದ ಸಿಸ್ಟರ್, ಕನ್ಯಾಸ್ತ್ರೀ, ನನ್ನನ್ನು ಕರೆದುಕೊಂಡು ಹೋಗಿ ತಮ್ಮ ಕಾನ್ವೆಂಟಿನ ಔಟ್‌ಹೌಸ್‌ನಲ್ಲಿ ಇರಿಸಿದರು. ತೋಟಕ್ಕೆ ನೀರು ಹಾಕುವ ಕೆಲಸ. ಹತ್ತಿರದಲ್ಲೇ ಚರ್ಚ್ ಹಾಲಿನಲ್ಲಿ ಎಎ ಮೀಟಿಂಗ್ ನಡೆಯುತ್ತಿತ್ತು, ಆಲ್ಕೊಹಾಲಿಕ್ಸ್ ಅನಾನಿಮಸ್. ಅದನ್ನು ಕ್ರೈಸ್ತರದ್ದು ಅಂದುಕೊಳ್ಳುವವರಿದ್ದಾರೆ, ಹಾಗಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು, ಒಬ್ಬ ಡಾಕ್ಟರ್, ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ನಮ್ಮ ದೇಶದಲ್ಲಿ 1957ರಿಂದ ಇದೆ. ಫೀಸ್ ಇಲ್ಲ, ಹೆಸರು ಕೇಳುವುದಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ದೇವರು ಅಂತ ಬರುತ್ತದೆ, ಆದರೆ ಯಾವ ದೇವರು ಅಂತ ಅವರವರಿಗೆ ಬಿಟ್ಟದ್ದು. ನನ್ನ ದೇವರು ಸಿಗಂದೂರು ಚೌಡಮ್ಮ. ಗೋಡೆ ಮೇಲೆ ಶಿಲುಬೆ ಇತ್ತು, ನಾನು ಅದರ ಕೆಳಗೆ ಕೂತು ಅಮ್ಮನನ್ನು ನೆನೆಯುತ್ತಿದ್ದೆ. ಸಿಸ್ಟರಿಗೆ ಗೊತ್ತಿತ್ತು. ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ನವರಾತ್ರಿಯಲ್ಲಿ ಬಸ್ ಚಾರ್ಜ್ ಕೊಟ್ಟು ಕಳಿಸಿದರು, ಸಂಜೆಯೊಳಗೆ ವಾಪಸ್ ಬಾ ಅಂತ. ಬಂದೆ.

ಹೊರಗೆ ಮಲಗುವವನು ಚಪ್ಪಲಿಯನ್ನು ತಲೆ ಕೆಳಗೆ ಇಟ್ಟುಕೊಳ್ಳುತ್ತಾನೆ, ಇಲ್ಲದಿದ್ದರೆ ಬೆಳಗ್ಗೆ ಇರುವುದಿಲ್ಲ. ಔಟ್‌ಹೌಸ್‌ನಲ್ಲಿ ಮಂಚ, ದಿಂಬು ಎಲ್ಲ ಇತ್ತು. ಆದರೂ ಚಪ್ಪಲಿ ದಿಂಬಿನ ಕೆಳಗೇ ಇರುತ್ತಿತ್ತು. ಮಣ್ಣಾಗುತ್ತದೆ ಅಂತ ಸಿಸ್ಟರ್ ಬೈಯಲಿಲ್ಲ, ವಾರಕ್ಕೆ ಎರಡು ಸಲ ದಿಂಬಿನ ಕವರ್ ಬದಲಾಯಿಸಿದರು. ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಎದ್ದು ಕೈ ಹಾಕಿದರೆ ಚಪ್ಪಲಿ ಇಲ್ಲ. ಎದೆ ಧಸಕ್ ಅಂತು. ನೋಡಿದರೆ ಬಾಗಿಲ ಹತ್ತಿರ ಇದೆ. ರಾತ್ರಿ ನಾನೇ ಬಿಟ್ಟು ಬಂದು ಮಲಗಿದ್ದೆ, ಗೊತ್ತೇ ಆಗಿರಲಿಲ್ಲ. ಮಂಚದ ಮೇಲೆ ಕೂತು ಬಹಳ ಹೊತ್ತು ಅತ್ತೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಅದಕ್ಕೆ ಎರಡು ತಿಂಗಳು ಬೇಕಾಯಿತು. ನೀವು ಹದಿನೈದು ದಿನ ಇಟ್ಟುಕೊಂಡು ಕಳಿಸುವ ಲೆಕ್ಕ ಹಾಕಿದ್ದರೆ ಬೇಡ. ಒಬ್ಬರನ್ನೇ ಇಟ್ಟುಕೊಳ್ಳಿ, ಆದರೆ ಆರು ತಿಂಗಳು ಇಟ್ಟುಕೊಳ್ಳಿ. ಸಂಜೆ ಆರರಿಂದ ಒಂಬತ್ತು ಕೆಟ್ಟ ಹೊತ್ತು, ಆಗ ಕೈಗೆ ಕೆಲಸ ಬೇಕು. ತರಕಾರಿ ಹೆಚ್ಚಲು ಕೊಡಿ. ಬಟವಾಡೆ ದಿನ ಜೊತೆಗೆ ಒಬ್ಬರು ನಡೆದುಕೊಂಡು ಬನ್ನಿ.

ವಾರ್ಡಿನ ಅಕ್ಕ

ಅಣ್ಣ, ದಿಂಬಿನ ಕವರ್ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಬರೆದದ್ದಕ್ಕೆ ಕೈ ಮುಗಿಯುತ್ತೇನೆ.

ತೀರ್ಥಹಳ್ಳಿ ಮನೆ

ನನ್ನದು ಬೇರೆ ಪ್ರಶ್ನೆ, ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಮ್ಮವರಿಗೆ ಮನೆ ಇದೆ, ಬೀದಿಗೆ ಬಂದಿಲ್ಲ, ಆದರೆ ಆ ದಾರಿಯಲ್ಲೇ ಇದ್ದಾರೆ. ಅವರಿಗೆ ಗೊತ್ತಿಲ್ಲದ ಹಾಗೆ ಸಾರಿನಲ್ಲಿ ಹಾಕುವ ಮಾತ್ರೆ ಇದೆ, ಹತ್ತು ದಿನಕ್ಕೆ ಬಿಡುತ್ತಾರೆ ಅಂತ ಒಬ್ಬರು ತಂದುಕೊಟ್ಟಿದ್ದಾರೆ. ಡಬ್ಬಿಯಲ್ಲಿಟ್ಟಿದ್ದೇನೆ, ಹಾಕಲು ಧೈರ್ಯ ಬಂದಿಲ್ಲ.

ವಾರ್ಡಿನ ಅಕ್ಕ

ಹಾಕಬೇಡಿ ಅಮ್ಮ. ಹಾಗೆ ಗುಟ್ಟಾಗಿ ಕೊಡುವ ಮಾತ್ರೆ ಎಷ್ಟೋ ಸಲ ಡೈಸಲ್ಫಿರಾಮ್ ಆಗಿರುತ್ತದೆ. ಅದನ್ನು ತೆಗೆದುಕೊಂಡು ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿ ಬಂದು, ಬಿಪಿ ಇಳಿದು, ಹೃದಯ ದುರ್ಬಲ ಇದ್ದವರು ಸತ್ತೇ ಹೋಗಬಹುದು. ಅವರಿಗೆ ತಿಳಿದು, ಒಪ್ಪಿ, ಡಾಕ್ಟರ್ ನೋಡಿಕೊಂಡು ಕೊಡಬೇಕಾದ ಔಷಧಿ ಅದು. ಆ ಡಬ್ಬಿಯನ್ನು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ತೋರಿಸಿ. ಅವರು ಬರದಿದ್ದರೂ ನೀವು ಹೋಗಿ. ನಿಮ್ಮ ಕಷ್ಟವನ್ನೂ ಅಲ್ಲಿ ಹೇಳಬಹುದು. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಅಂತ ಇದೆ, ಎಎ ಶುರು ಮಾಡಿದ ಇಬ್ಬರಲ್ಲಿ ಒಬ್ಬರ ಹೆಂಡತಿ 1951ರಲ್ಲಿ ಕಟ್ಟಿದ್ದು. ನೀವು ಒಬ್ಬರೇ ಅಲ್ಲ.

ಭದ್ರಾವತಿ ಹಳೇನಗರ

ನನ್ನ ತಮ್ಮ ಬಿಟ್ಟದ್ದು ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ. ಎಂ.ಪಿ.ಎಂ. ಕಾಗದದ ಕಾರ್ಖಾನೆ ನಿಂತ ಮೇಲೆ ನಮ್ಮ ಕಡೆ ಎಷ್ಟು ಮನೆ ಹಾಳಾಯಿತು ಅಂತ ಇಲ್ಲಿಯವರಿಗೆ ಗೊತ್ತು. ಎಂಟು ದಿನದ ಶಿಬಿರ, ಕಲ್ಯಾಣ ಮಂಟಪದಲ್ಲಿ. ಕೊನೆಯ ದಿನ ಮನೆಯವರನ್ನು ಕರೆದರು. ತಮ್ಮ ಅಮ್ಮನ ಕಾಲಿಗೆ ಬಿದ್ದ. ಆಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೆಲ್ಲ ಸೇರುತ್ತಾರೆ, ಈಗಲೂ ಹೋಗುತ್ತಾನೆ.

ಅದೇ ಶಿಬಿರದಲ್ಲಿ ಅವನ ಪಕ್ಕದ ಚಾಪೆಯಲ್ಲಿ ಇನ್ನೊಬ್ಬರಿದ್ದರು, ಬಸ್ ಸ್ಟ್ಯಾಂಡಿನಲ್ಲಿ ಮಲಗುವವರು. ಎಂಟು ದಿನ ಒಂದೇ ಊಟ, ಒಂದೇ ಪಾಠ. ಒಂಬತ್ತನೇ ದಿನ ನನ್ನ ತಮ್ಮ ಮನೆಗೆ ಬಂದ. ಅವರು ಬಸ್ ಸ್ಟ್ಯಾಂಡಿಗೇ ಹೋದರು. ಮೂರು ದಿನದಲ್ಲಿ ಮತ್ತೆ ಶುರು. ಶಿಬಿರದವರ ತಪ್ಪಲ್ಲ, ಆ ಮನುಷ್ಯನ ತಪ್ಪೂ ಅಲ್ಲ ಅಂತ ನನಗೆ ಅನಿಸುತ್ತದೆ. ಅವರಿಗಿಂತ ನನ್ನ ತಮ್ಮ ಗಟ್ಟಿ ಮನಸ್ಸಿನವನೇನಲ್ಲ. ಅವನಿಗೆ ಅಮ್ಮ ಇದ್ದಳು, ಹಿತ್ತಲ ಕೋಣೆ ಇತ್ತು, ಅಷ್ಟೇ.

ನಿಮ್ಮ ಕೋಣೆ ಆಗಬೇಕು ಮೇಡಂ. ಮಂಚ ಬೇಕಿದ್ದರೆ ನಮ್ಮಲ್ಲಿ ಎರಡು ಕಬ್ಬಿಣದ್ದು ಇದೆ, ಕ್ವಾರ್ಟರ್ಸ್ ಖಾಲಿ ಮಾಡುವಾಗ ತಂದದ್ದು.

ಕೊಪ್ಪದ ತೋಟ

ನಾನು ತೋಟ ಮಾಡುವವನು. ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಮಳೆಯಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ದಿನ ಕೆಲಸದವರಿಗೆ ನಾನೇ ಬಾಟಲಿ ತರಿಸಿಕೊಡುತ್ತಿದ್ದೆ. ಚಳಿ ಅಲ್ವಾ, ಕೊಡದಿದ್ದರೆ ಬರುವುದಿಲ್ಲ ಅಂತ. 2007ರ ಜುಲೈಯಲ್ಲಿ ಸಾರಾಯಿ ನಿಂತಾಗ ಎಲ್ಲ ಸರಿಹೋಯಿತು ಅಂದುಕೊಂಡೆವು. ಪ್ಯಾಕೆಟ್ ಹೋಗಿ ನೈಂಟಿ ಬಂತು, ಖರ್ಚು ಜಾಸ್ತಿ ಆಯಿತು. ನಿಮ್ಮ ಮಾವನಂಥವರನ್ನು ಮರ ಹತ್ತಿಸಿದವರು ನಮ್ಮಂಥವರೇ.

ಈಗ ಬಾಟಲಿ ನಿಲ್ಲಿಸಿದ್ದೇನೆ. ಬಿಸಿ ಕಾಫಿ, ಬೆಲ್ಲ, ಕಡುಬು. ಇಬ್ಬರು ಬಿಟ್ಟು ಹೋದರು, ಉಳಿದವರು ಇದ್ದಾರೆ. ಮೂರು ತಿಂಗಳು ಕುಡಿಯದೆ ಇದ್ದವರು ಯಾರಾದರೂ ಇದ್ದರೆ ಕಳಿಸಿ. ಅಡಿಕೆ ಸುಲಿಯುವುದು, ನರ್ಸರಿ ಚೀಲಕ್ಕೆ ಮಣ್ಣು ತುಂಬುವುದು, ಕೂತು ಮಾಡುವ ಕೆಲಸ ಇದೆ. ಮರ ಹತ್ತಿಸುವುದಿಲ್ಲ.

ನಗರದ ಲೆಕ್ಕ

ಸ್ಥಳೀಯ ಆಡಳಿತದ ಕೆಲಸ ಸ್ವಲ್ಪ ಗೊತ್ತಿರುವುದರಿಂದ ಹೇಳುತ್ತೇನೆ. 2024ರಲ್ಲಿ ಮುಗಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನ ತಂಗುವಷ್ಟು ಆಶ್ರಯ ಕೇಂದ್ರ ಇರಬೇಕಿತ್ತು. ಹಗಲು ರಾತ್ರಿ ತೆರೆದಿರಬೇಕಿತ್ತು, ಒಬ್ಬರಿಗೆ 50 ಚದರ ಅಡಿ ಜಾಗ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರ ಮೂರು ಲಕ್ಷ ದಾಟಿತ್ತು. ಆ ಲೆಕ್ಕದಲ್ಲಿ ಊರಿಗೆ ಮುನ್ನೂರು ಜನಕ್ಕೆ ಜಾಗ ಬೇಕು. ನಿಮ್ಮ ಆರು ಮಂಚದ ಜೊತೆಗೆ ಇದನ್ನೂ ಪಾಲಿಕೆಗೆ ಪತ್ರ ಬರೆದು ಕೇಳುತ್ತಿರಿ. ಚರ್ಚು, ಮಠ, ದರ್ಗಾ ಎಷ್ಟು ಮಾಡಿದರೂ ಅದು ಸರ್ಕಾರದ ಕೆಲಸಕ್ಕೆ ಬದಲಿ ಅಲ್ಲ.

1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಕೂಡ ತಿಳಿದಿರಲಿ. ನಾವೆಲ್ಲ ಆಸ್ತಿ ತೆರಿಗೆ ಜೊತೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುತ್ತೇವೆ, ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಅದರಲ್ಲಿ. ಬೀದಿಯಲ್ಲಿ ಮಲಗುವವರೆಲ್ಲ ಭಿಕ್ಷೆ ಬೇಡುವವರಲ್ಲ. ಆದರೆ ಹಿಡಿಯಲು ಬಂದಾಗ ಆ ವ್ಯತ್ಯಾಸ ಹೇಳಲು ಅವರ ಪರ ಒಬ್ಬರು ಬೇಕು.

ಕೋಣೆಗೆ ಸಂಬಂಧಿಸಿ ಮುಖ್ಯ ಮಾತು: ಅದನ್ನು ವ್ಯಸನಮುಕ್ತಿ ಕೇಂದ್ರ ಅಂತ ಕರೆಯಬೇಡಿ, ಬೋರ್ಡ್ ಹಾಕಬೇಡಿ. ಚಿಕಿತ್ಸೆ ಕೊಡುವ ಜಾಗ ಆದರೆ 2017ರ ಕಾಯ್ದೆಯಡಿ ನೋಂದಣಿ ಬೇಕು, ವೈದ್ಯರು ಬೇಕು. ನೀವು ಕೊಡುವುದು ತಂಗಲು ಜಾಗ. ಒಂದು ರಿಜಿಸ್ಟರ್ ಇಡಿ: ಹೆಸರು, ಊರು, ಬಂದ ದಿನ, ಮನೆಯವರ ಫೋನ್ ನಂಬರ್ ಕೊಟ್ಟರೆ ಅದು. ಹತ್ತಿರದ ಪೊಲೀಸ್ ಠಾಣೆಗೆ ನೀವೇ ಹೋಗಿ ಲಿಖಿತವಾಗಿ ತಿಳಿಸಿ ಸ್ವೀಕೃತಿ ತೆಗೆದುಕೊಳ್ಳಿ.

ತುಂಗೆಯ ದಡ

ಐದು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಒಂದಾದ ಮೇಲೊಂದು ಆಯಿತು.

ಸಭೆಯಲ್ಲಿ ವಿಭೂತಿಯ ಪ್ರಶ್ನೆ ಇಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೋಣೆ ಬೇಡ ಅಂತ ಮೊದಲಿನಿಂದ ಹೇಳುತ್ತಿದ್ದ ಒಬ್ಬ ಹಿರಿಯ ಆಂಟಿ ಎದ್ದು ನಿಂತರು. "ನಮ್ಮ ಮನೆಯವರು ಸತ್ತದ್ದು ಇದರಲ್ಲೇ, ನಿಮಗೆ ಯಾರಿಗೂ ಹೇಳಿರಲಿಲ್ಲ. ಹೃದಯಾಘಾತ ಅಂದಿದ್ದೆ" ಅಂದರು. ಆಮೇಲೆ, "ಯಾರು ಏನು ಹಚ್ಚಿಕೊಂಡರೆ ನಮಗೇನು. ಮೊದಲು ಆ ಬಚ್ಚಲಿಗೆ ಬಾಗಿಲು ಮಾಡಿಸಿ" ಅಂದರು. ಅವತ್ತೇ ಬಡಗಿಗೆ ಹೇಳಿದೆವು.

ಪೊಲೀಸ್ ಠಾಣೆಗೆ ಪತ್ರ ಕೊಟ್ಟೆವು. ಭದ್ರಾವತಿಯ ಮಂಚ ಎರಡೂ ಬಂತು. ಒಂದು ಪುಟದ ನಿಯಮ ಬರೆದು ಗೋಡೆಗೆ ಅಂಟಿಸಿದ್ದೇವೆ. ಮೊದಲನೆಯದು, ಪ್ರಾರ್ಥನೆಗೆ ಬರುವುದು ಬಿಡುವುದು ನಿಮ್ಮಿಷ್ಟ. ಚಿಲಕ ಒಳಗಡೆ ಹಾಕಿಸಿದ್ದೇವೆ.

ಮಾವ ಗಂಜಿ ಕುಡಿದರು, ಅರ್ಧ ಲೋಟದ ಹಾಗೆ ಮೂರು ಸಲ. ಮರುದಿನ ವಾರ್ಡಿನ ಅಕ್ಕ ಹೇಳಿದಂತೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂರನೇ ರಾತ್ರಿ ನಿಜವಾಗಿಯೂ ಹುಳ ಹುಳ ಅಂತ ಕೂಗಿದರಂತೆ. ಕೋಣೆಯಲ್ಲಿ ಇದ್ದಿದ್ದರೆ ನಾವು ಏನು ಮಾಡುತ್ತಿದ್ದೆವೋ ಅಂತ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಒಂಬತ್ತು ದಿನ ಇದ್ದು ಕೋಣೆಗೆ ಬಂದರು. ತರಕಾರಿ ಹೆಚ್ಚಿದರು, ಬೆಂಚು ರಿಪೇರಿ ಮಾಡಿದರು. ಹದಿಮೂರನೇ ದಿನ ಹೇಳದೆ ಹೋದರು.

ಎರಡು ರಾತ್ರಿ ಹುಡುಕಿದೆವು. ಮೂರನೇ ರಾತ್ರಿ ಹನ್ನೊಂದು ಗಂಟೆಗೆ ಅವರೇ ಬಂದು ಹೊರಗಿನ ಜಗುಲಿ ಮೇಲೆ ಕೂತಿದ್ದರು, ಪೂರ್ತಿ ಕುಡಿದು. ಒಳಗೆ ಇನ್ನಿಬ್ಬರು ಹೊಸಬರಿದ್ದರು, ವಾಸನೆಗೇ ಅವರಿಗೆ ಕಷ್ಟ. ಏನು ಮಾಡುವುದು ಗೊತ್ತಾಗದೆ ಅಕ್ಕನಿಗೆ ಮೆಸೇಜ್ ಮಾಡಿದೆ. ಜಗುಲಿ ಮೇಲೆ ಚಾಪೆ ಹಾಸಿ ಒಂದು ಮಗ್ಗುಲಿಗೆ ಮಲಗಿಸಿ, ಅಂಗಾತ ಬಿಡಬೇಡಿ, ವಾಂತಿ ಗಂಟಲಿಗೆ ಹೋದರೆ ಕಷ್ಟ ಅಂದರು. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಧಾನ ಆದರೆ ಕಾಯದೆ 108ಕ್ಕೆ ಫೋನ್ ಮಾಡಿ ಅಂದರು. ಆಂಟಿ ಮತ್ತು ನಾನು ಸರದಿಯಲ್ಲಿ ಕೂತೆವು. ಬೆಳಗ್ಗೆ ಎದ್ದು ನಮ್ಮನ್ನು ನೋಡಿ, "ಹೋಗು ಅಂತ ಹೇಳ್ತೀರಿ ಅಂದುಕೊಂಡಿದ್ದೆ" ಅಂದರು. ಆಂಟಿ ಕಾಫಿ ಕೊಟ್ಟರು, ಅರ್ಧ ಲೋಟ. ಮತ್ತೆ ಆಸ್ಪತ್ರೆ. ಈಗ ಕೋಣೆಯಲ್ಲಿದ್ದಾರೆ. ಇವತ್ತಿಗೆ ಹನ್ನೊಂದು ದಿನ.

ಒಂದೇ ತೊಂದರೆ. ರಾತ್ರಿ ಪಾಳಿಗೆ ಜನ ಸಾಲದು. ವಾರದ ಆರು ರಾತ್ರಿ ಹೇಗೋ ಹೊಂದಿಸಿದ್ದೇವೆ, ಶನಿವಾರಕ್ಕೆ ಯಾರೂ ಇಲ್ಲ. ಬಟವಾಡೆ ದಿನ, ಅವತ್ತೇ ಜಾಸ್ತಿ ಕಷ್ಟ.

ಎರಡನೇ ಪ್ಲಾಟ್‌ಫಾರಂ

ಹನ್ನೊಂದು ದಿನ ದೊಡ್ಡದು. ಅವರಿಗೆ ಹೇಳಿ, ಒಬ್ಬ ಕೇಳುತ್ತಿದ್ದಾನೆ ಅಂತ. ತಿಂಗಳಿಗೆ ಒಂದು ಶನಿವಾರ ನಾನು ಬರಬಲ್ಲೆ, ಎರಡನೇ ಶನಿವಾರ.

ಕೂಡ್ಲಿ ರಸ್ತೆ

ಉಳಿದ ಶನಿವಾರ ನನಗೆ ಕೊಡಿ. ನೀವು ಪ್ರಾರ್ಥನೆಗೆ ಕೂರುವ ಹೊತ್ತಿಗೆ ನಾನು ಜಗುಲಿಯಲ್ಲಿರುತ್ತೇನೆ, ತಪ್ಪು ತಿಳಿಯಬೇಡಿ. ಎಷ್ಟು ಗಂಟೆಗೆ ಬರಬೇಕು?

ತುಂಗೆಯ ದಡ

ತಪ್ಪೇನು ಅಣ್ಣ, ಜಗುಲಿಯಲ್ಲೂ ಒಬ್ಬರು ಬೇಕು. ಎಂಟೂವರೆಗೆ ಬನ್ನಿ, ಊಟ ಇಲ್ಲೇ. ಟಾರ್ಚ್ ತನ್ನಿ, ಹಿಂದಿನ ದಾರಿಯಲ್ಲಿ ದೀಪ ಇಲ್ಲ.